ನೆನಪಿನ ಊರಿಗೆ ನೀರು ಹೊತ್ತವರು

ಹೊರನಾಡಿನಲ್ಲಿ ನೆಲೆಸಿದ ನಾವು ಬರೆಯುವ ಊರಿನ ನೆನಪುಗಳಲ್ಲಿ ನೀರು ಎಂದೂ ಖಾಲಿಯಾಗುವುದಿಲ್ಲ. ನಸುಕಿನಲ್ಲೇ ಬಚ್ಚಲಮನೆಯ ಹಂಡೆ ತುಂಬಿರುತ್ತದೆ, ಒಲೆ ಹೊತ್ತಿರುತ್ತದೆ, ಅಂಗಳ ಸಾರಣೆಯಾಗಿ ರಂಗೋಲಿ ಬಿದ್ದಿರುತ್ತದೆ, ಹಿತ್ತಲಿನ ಮಲ್ಲಿಗೆ ಬಳ್ಳಿ ತೊಯ್ದು ನಿಂತಿರುತ್ತದೆ. ಹಂಡೆ ತುಂಬಿದವರಾಗಲಿ, ಒಲೆ ಹೊತ್ತಿಸಿದವರಾಗಲಿ ಆ ವಾಕ್ಯಗಳಲ್ಲಿ ಕಾಣಸಿಗುವುದಿಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ವರ್ಷಗಟ್ಟಲೆ ಕಡತ ಬರೆಯುತ್ತಿರುವ ನನಗೆ ಈ ವ್ಯಾಕರಣ ಚೆನ್ನಾಗಿ ಪರಿಚಿತ. ‘ಪರಿಶೀಲಿಸಲಾಗುತ್ತಿದೆ’, ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಬರೆಯುವುದೇ ಪರಿಶೀಲಿಸಿದವರು ಯಾರು, ಕೈಗೊಂಡವರು ಯಾರು ಎಂದು ಮುಂದೆ ಯಾರೂ ಕೇಳದಿರಲೆಂದು. ನಮ್ಮ ಬಾಲ್ಯದ ಲೇಖನಗಳೂ ಅದೇ ಧಾಟಿ ಹಿಡಿದಿವೆ ಎಂಬುದು ನನ್ನ ಆಕ್ಷೇಪಣೆ.

ನಾನು ಧಾರವಾಡದ ಮಾಳಮಡ್ಡಿಯವಳು. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಕೊನೆ ಮತ್ತು ತೊಂಬತ್ತರ ದಶಕದ ಮಾತು. ರೈಲು ನಿಲ್ದಾಣದ ಮಗ್ಗುಲಿಗೆ, ಪೇಟೆಯ ಗದ್ದಲದಿಂದ ತುಸು ಹೊರಗಿದ್ದ ಬಡಾವಣೆ. ಹಂಚಿನ ಮನೆಗಳು, ಕಂಪೌಂಡಿನೊಳಗೆ ಮಾವು ಪೇರಲ, ಶ್ರಾವಣದಲ್ಲಿ ಹಿಡಿದರೆ ಬಿಡದ ಜಿಟಿಜಿಟಿ ಮಳೆ. ಇವೆಲ್ಲ ನಿಜವೇ. ಅಂಥ ಮಳೆಯ ಊರಿನಲ್ಲಿ ನಳದ ನೀರು ಮಾತ್ರ ನಾಲ್ಕೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಎಂಟು ದಿನಕ್ಕೊಮ್ಮೆ ಬರುತ್ತಿತ್ತು ಎಂಬುದೂ ಅಷ್ಟೇ ನಿಜ. ಬಂದರೂ ರಾತ್ರಿ ಎರಡಕ್ಕೋ ಮೂರಕ್ಕೋ. ಯಾರದೋ ಮನೆಯ ಹೆಣ್ಣುಮಗಳು ‘ನಳಾ ಬಂತ್ರೀ’ ಎಂದು ಕೂಗುತ್ತಿದ್ದಳು. ಓಣಿಯ ಅಷ್ಟೂ ಮನೆಗಳಲ್ಲಿ ದೀಪ ಹತ್ತುತ್ತಿತ್ತು. ಕೊಡ, ಬಕೆಟ್ಟು, ಹಂಡೆ, ಕೊನೆಗೆ ಅಡುಗೆಯ ಪಾತೇಲಿಯವರೆಗೆ ಎಲ್ಲವೂ ಹೊರಬರುತ್ತಿದ್ದವು. ಗಂಡಸರು ಮಗ್ಗುಲು ಬದಲಿಸಿ ಮಲಗುತ್ತಿದ್ದರು. ನಮ್ಮ ಅವ್ವ ಎರಡು ತಾಸು ನೀರು ಹೊತ್ತು, ಮತ್ತೆ ಮಲಗಿದರೆ ಏಳಲಾಗದೆಂದು ಮಲಗದೆ, ಆರಕ್ಕೆ ಅಪ್ಪನಿಗೆ ಚಹಾ ಮಾಡುತ್ತಿದ್ದಳು. ಐವತ್ತು ತುಂಬುವ ಮೊದಲೇ ಅವಳ ಸೊಂಟ ಹಿಡಿದಿತ್ತು.

ಅದೇ ಓಣಿಯಲ್ಲಿ ಬೆಳೆದು ಈಗ ದೂರದ ನಗರವೊಂದರಲ್ಲಿರುವ ಮಹನೀಯರೊಬ್ಬರು ಈಚೆಗೆ ಬರೆದ ಲೇಖನವನ್ನು ಓದಿದೆ. ನಳದ ಮುಂದೆ ಸಾಲುಗೊಂಡ ಕೊಡಗಳ ಸಡಗರವನ್ನೂ, ನಡುರಾತ್ರಿಯ ಆ ಕಲರವವನ್ನೂ ಅವರು ಕಳೆದುಕೊಂಡ ಸಂಪತ್ತೆಂದು ಬಣ್ಣಿಸಿದ್ದಾರೆ. ಒಂದೇ ನೀರಿಗೆ ಕಾದ ಜನರಲ್ಲಿ ಆಗ ಎಂಥ ಒಗ್ಗಟ್ಟಿತ್ತು ಎಂದು ಮರುಗಿದ್ದಾರೆ. ಒಗ್ಗಟ್ಟೇನೋ ಇತ್ತು, ಕೊಡದಿಂದ ಕೊಡಕ್ಕೆ ಹೊಡೆದಾಟವೂ ಇತ್ತು. ಆ ಕಲರವ ಅವರಿಗೆ ಕಲರವವಾಗಿ ಕೇಳಿಸಿದ್ದು ಹೊದಿಕೆಯೊಳಗೆ ಇದ್ದುದರಿಂದ.

2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವೇ ವಾರ್ಡುಗಳಿಗೆ, ವಿಶ್ವಬ್ಯಾಂಕಿನ ನೆರವಿನ ಪ್ರಾಯೋಗಿಕ ಯೋಜನೆಯಲ್ಲಿ, ದಿನದ ಇಪ್ಪತ್ತನಾಲ್ಕು ತಾಸೂ ನೀರು ಬರತೊಡಗಿತು. ನೀರು ಅದೇ ಮಲಪ್ರಭೆಯದು, ಸವದತ್ತಿಯ ಕಡೆಯಿಂದಲೇ ಬರುವಂಥದು. ಅಂಥ ಒಂದು ವಾರ್ಡಿನಲ್ಲಿದ್ದ ನನ್ನ ಕಾಕು ಫೋನಿನಲ್ಲಿ ಹೇಳಿದಳು: “ನಳಾ ಯಾವಾಗ ತಿರುವಿದ್ರೂ ನೀರ್ ಬರ್ತದ ನೋಡವಾ. ರಾತ್ರಿ ನಿದ್ದಿ ಹತ್ತಲಿಕ್ಕತ್ತದ ಈಗ.” ಧಾರವಾಡವನ್ನು ಕುರಿತು ನಾನು ಓದಿದ, ಕೇಳಿದ ಮಾತುಗಳಲ್ಲಿ ಇದರಷ್ಟು ತೂಕದ್ದು ಇನ್ನೊಂದಿಲ್ಲ. ನಮ್ಮ ನೆನಪಿನ ಸಾಹಿತ್ಯದಲ್ಲಿ ಮಾತ್ರ ಈ ನಿದ್ದೆಗೆ ಜಾಗವಿಲ್ಲ. ಏಕೆಂದರೆ ಅದು ನಾವು ಊರು ಬಿಟ್ಟ ಮೇಲೆ ಬಂದದ್ದು. ನಾವು ಬಿಟ್ಟ ಮೇಲೆ ಊರಿಗೆ ಬಂದದ್ದೆಲ್ಲವೂ ನಮ್ಮ ಲೆಕ್ಕದಲ್ಲಿ ಊರಿಗೆ ಬಡಿದ ಕೇಡು. ಎರಡು ಊರುಗಳ ನಡುವೆ 2018ರಲ್ಲಿ ‘ಚಿಗರಿ’ ಬಸ್ಸು ಓಡತೊಡಗಿದಾಗ ನಮ್ಮ ವಾಟ್ಸಾಪ್ ಗುಂಪುಗಳು ಕಡಿದ ಮರಗಳಿಗಾಗಿ ಕಣ್ಣೀರಿಟ್ಟವು. ಮರಗಳ ಪ್ರಶ್ನೆ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಅದೇ ರಸ್ತೆಯಲ್ಲಿ ತಿಂಗಳಿಗೆರಡು ಸಲ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಹೋಗುವ ಕಾಕುವನ್ನು ಆ ಗುಂಪಿನ ಒಬ್ಬರೂ ಏನನ್ನೂ ಕೇಳಲಿಲ್ಲ. ಅವಳ ಪಾಲಿಗೆ ಮರಗಳೂ ಬೇಕಿದ್ದವು, ಕೂರಲು ಸೀಟೂ ಬೇಕಿತ್ತು.

ಇನ್ನು ಹಿತ್ತಲ ಬಾಗಿಲಿನ ಮಾತು. ನೆನಪಿನ ಲೇಖನಗಳಲ್ಲಿ ಹಿತ್ತಲೆಂದರೆ ಮಲ್ಲಿಗೆ, ಕರಿಬೇವು, ಮಧ್ಯಾಹ್ನದ ಹರಟೆ. ನಮ್ಮ ಮನೆಯ ಹಿತ್ತಲಿಗೆ ಇನ್ನೊಂದು ಉಪಯೋಗವಿತ್ತು. ಪಾಯಖಾನೆ ತೊಳೆಯಲು ಬರುತ್ತಿದ್ದ ಹೆಂಗಸು ಆ ಬಾಗಿಲಿನಿಂದಲೇ ಬಂದು ಆ ಬಾಗಿಲಿನಿಂದಲೇ ಹೋಗುತ್ತಿದ್ದಳು. ಕುಡಿಯಲು ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಹೊಯ್ಯಲಾಗುತ್ತಿತ್ತು. (ನೋಡಿ, ‘ಹೊಯ್ಯಲಾಗುತ್ತಿತ್ತು’. ಹೊಯ್ಯುತ್ತಿದ್ದವಳು ಅಜ್ಜಿ.) ಆ ಹೆಂಗಸಿನ ಮಗಳು ನನ್ನ ವಾರಿಗೆಯವಳು. ಅವಳೂ ಧಾರವಾಡದಲ್ಲೇ ಬೆಳೆದವಳು; ನಮ್ಮ ಬಡಾವಣೆ ಅವಳ ನೆನಪಿನಲ್ಲಿ ಹೇಗೆ ಉಳಿದಿದೆಯೆಂದು ಬರೆಯುವವರು ಯಾರು? ಕನ್ನಡದಲ್ಲಿ ‘ಊರು’ ಎಂಬ ಪದ ಎಂದೂ ಎಲ್ಲರನ್ನೂ ಒಳಗೊಂಡದ್ದಲ್ಲ. ಅದರಾಚೆ ‘ಕೇರಿ’ ಎಂಬ ಇನ್ನೊಂದು ಪದವಿದೆ. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ ‘ಊರುಕೇರಿ’ ಎಂದು ಹೆಸರಿಟ್ಟಾಗ ಆ ಎರಡನ್ನೂ ಒಟ್ಟಿಗೇ ಹಿಡಿದರು. ಅದರ ಆರಂಭದಲ್ಲೇ ನೇಗಿಲಿಗೆ ಎತ್ತುಗಳ ಬದಲು ಮನುಷ್ಯರಿದ್ದಾರೆ, ಅವರಲ್ಲೊಬ್ಬರು ಅವರ ತಂದೆ. ಅದೂ ಬಾಲ್ಯದ ನೆನಪೇ. ನಗಿಸುತ್ತಲೇ ಬರೆದ ನೆನಪು, ಆದರೆ ನೊಗ ಹೊತ್ತವರ ಗುರುತು ಮರೆಸದ ನೆನಪು.

ನಾನಿರುವ ರಾಮದಾಸಪೇಠ್‌ನಿಂದ ದೀಕ್ಷಾಭೂಮಿ ದೂರವಿಲ್ಲ. 1956ರ ಅಕ್ಟೋಬರ್ 14ರಂದು ಅಂಬೇಡ್ಕರರು ಲಕ್ಷಗಟ್ಟಲೆ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ ನೆಲ ಅದು. ಪ್ರತಿ ವಿಜಯದಶಮಿಗೆ ಊರೆಲ್ಲ ಬಿಳಿ ಉಡುಪಿನ ಜನರಿಂದ ತುಂಬುತ್ತದೆ. ಬೀದರ, ಕಲಬುರಗಿಯ ಕಡೆಯಿಂದ ಬಂದವರ ಕನ್ನಡವೂ ಆಗ ನನ್ನ ಬೀದಿಯಲ್ಲಿ ಕೇಳಿಸುತ್ತದೆ. ವರ್ಷದ ಮಿಕ್ಕ ದಿನಗಳಲ್ಲಿ ಇಲ್ಲಿ ಅಷ್ಟು ಕನ್ನಡ ಎಂದೂ ಕೇಳಿಸದು. ಅವರಲ್ಲಿ ಕೆಲವರಿಗೆ ಒಮ್ಮೆ ದಾರಿ ತೋರಿಸುತ್ತ, ರಾಜ್ಯೋತ್ಸವಕ್ಕೆ ನಮ್ಮವರು ಹೊರತರುವ ಸ್ಮರಣ ಸಂಚಿಕೆಯನ್ನು ನೆನೆದೆ. ಆ ಸಂಚಿಕೆಯ ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಇವರು ವಾಸವಾಗಿಯೇ ಇಲ್ಲ.

ಮಾರಾಟವಾದ ಮನೆಗಳಿಗೆ ಬರೋಣ. ಮಾಳಮಡ್ಡಿಯ ನಮ್ಮ ಮನೆಯನ್ನು ಅಪ್ಪ ತೀರಿಕೊಂಡ ಮೇಲೆ ಮಾರಿದೆವು. ಅವ್ವ ನನ್ನೊಂದಿಗೆ ನಾಗಪುರಕ್ಕೆ ಬಂದಿದ್ದಳು. ಮಕ್ಕಳು ಮೂವರೂ ಮೂರು ರಾಜ್ಯಗಳಲ್ಲಿದ್ದೆವು. ಮುಖ್ತ್ಯಾರಪತ್ರ ಮಾಡಿ ಕಳಿಸಿದೆವು, ಹಣ ಪಾಲಾಯಿತು, ನನ್ನ ಪಾಲು ಇಲ್ಲಿನ ಫ್ಲ್ಯಾಟಿನ ಸಾಲಕ್ಕೆ ಸಂದಿತು. ಇದರಲ್ಲಿ ನಾಚುವಂಥದ್ದೇನೂ ನನಗೆ ಕಾಣುವುದಿಲ್ಲ. ನನಗೆ ಸಹಿಸಲಾಗದ್ದು ಬೇರೆ. ಹೀಗೆಯೇ ಮಾರಿ, ಹೀಗೆಯೇ ಹಂಚಿಕೊಂಡವರು ಹತ್ತು ವರ್ಷದ ನಂತರ ಅದೇ ಜಾಗದ ಮುಂದೆ ನಿಂತು, ಮಾವಿನ ಮರವಿದ್ದಲ್ಲಿ ಎದ್ದ ನಾಲ್ಕಂತಸ್ತಿನ ಅಪಾರ್ಟ್‌ಮೆಂಟಿನ ಫೋಟೋ ತೆಗೆದು, ‘ನನ್ನ ಧಾರವಾಡವನ್ನು ಕೊಂದರು’ ಎಂದು ಬರೆಯುತ್ತಾರೆ. ಬಿಲ್ಡರು ಆಕಾಶದಿಂದ ಇಳಿದವನೇನಲ್ಲ. ನಾವು ಸಹಿ ಹಾಕಿದ ಕಾಗದ ಹಿಡಿದು ಬಂದವನು. ಮರ ಕಡಿದ ಕೂಲಿ ನಾವು ಎಣಿಸಿಕೊಂಡ ಬೆಲೆಯೊಳಗೇ ಸೇರಿತ್ತು. ಎಷ್ಟಕ್ಕೆ ಹೋಯಿತು, ಏಕೆ ಮಾರಿದೆವು ಎಂದು ಒಂದು ಸಾಲು ಬರೆದು ಆಮೇಲೆ ಅಳಲಿ, ನನ್ನ ಅಭ್ಯಂತರವಿಲ್ಲ.

ನಾಗಪುರದವರೇ ಆದ, ಇಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಮಹೇಶ ಎಲಕುಂಚವಾರ ಅವರು ‘ವಾಡಾ ಚಿರೇಬಂದಿ’ ನಾಟಕದಲ್ಲಿ ಈ ಅಳುವಿನ ಒಳಗನ್ನು ಬಿಚ್ಚಿಟ್ಟಿದ್ದಾರೆ. ವಿದರ್ಭದ ಹಳ್ಳಿಯ ದೇಶಪಾಂಡೆಯವರ ವಾಡೆ. ಮುಂಬಯಿಯಲ್ಲಿರುವ ಮಗ ತಂದೆಯ ದಿನಕರ್ಮಕ್ಕೆ ಬರುತ್ತಾನೆ. ಅಂಗಳದಲ್ಲಿ ಟ್ರ್ಯಾಕ್ಟರು ತುಕ್ಕು ಹಿಡಿದು ನಿಂತಿದೆ. ಓದಬೇಕೆಂದು ಹಂಬಲಿಸಿದ ತಂಗಿ ಓದದೆ ಆ ಗೋಡೆಗಳೊಳಗೇ ಉಳಿದಿದ್ದಾಳೆ. ಮನೆ ನಡೆಯುತ್ತಿರುವುದು ಬಾಯಿಬಿಡದೆ ದುಡಿಯುವ ಹಿರಿಯ ಸೊಸೆಯಿಂದ. ಹೊರಗೆ ಹೋದವನ ಕಣ್ಣಿಗೆ ವಾಡೆ, ಒಳಗೆ ಉಳಿದವರಿಗೆ ದಿನದ ಗಾಣ. ನಾಟಕವನ್ನು ಓದಿದಾಗ ಇದು ನಮ್ಮ ಸೀಮೆಯದೇ ಕಥೆಯೆನಿಸಿತು.

ನನ್ನ ನೌಕರಿಯ ಒಂದು ಒಣ ನಿಯಮವನ್ನು ಇಲ್ಲಿ ಹೇಳಲೇಬೇಕು. ಕೇಂದ್ರ ಸರ್ಕಾರದ ನೌಕರರು ರಜೆ ಪ್ರಯಾಣದ ರಿಯಾಯಿತಿ ಪಡೆಯಲು ತಮ್ಮ ‘ಹೋಮ್ ಟೌನ್’ ಯಾವುದೆಂದು ಘೋಷಿಸಬೇಕು. ಅದು ಸೇವಾ ಪುಸ್ತಕದಲ್ಲಿ ದಾಖಲಾಗುತ್ತದೆ. ಬದಲಾಯಿಸಬೇಕಾದರೆ ವಿಶೇಷ ಕಾರಣ ತೋರಿಸಿ, ಇಡೀ ಸೇವಾವಧಿಯಲ್ಲಿ ಒಮ್ಮೆ ಮಾತ್ರ. ಆ ಊರು ನಿಜಕ್ಕೂ ನಿಮ್ಮದೇ ಎಂದು ನಿರ್ಧರಿಸಲು ಸರ್ಕಾರ ಕೆಲವು ಪ್ರಶ್ನೆ ಕೇಳುತ್ತದೆ. ಅಲ್ಲಿ ಮನೆಯಿದೆಯೇ, ಹತ್ತಿರದ ಬಂಧುಗಳಿದ್ದಾರೆಯೇ, ನೌಕರಿಗೆ ಸೇರುವ ಮೊದಲು ಅಲ್ಲಿ ಕೆಲವು ವರ್ಷ ಇದ್ದಿರಾ ಎಂಬವು ನಿರೀಕ್ಷಿತವೇ. ಅವೆಲ್ಲಕ್ಕಿಂತ ಮೊದಲಿನದು ಇದು: ಕೌಟುಂಬಿಕ, ಸಾಮಾಜಿಕ ಹೊಣೆಗಳನ್ನು ನಿಭಾಯಿಸಲು ಆಗಾಗ ನೀವು ಅಲ್ಲಿ ಖುದ್ದಾಗಿ ಇರಬೇಕಾಗುತ್ತದೆಯೇ? ಈ ಪ್ರಶ್ನೆ ಬರೆದ ಗುಮಾಸ್ತ ಯಾರೋ ತಿಳಿಯದು, ನಮ್ಮ ಹತ್ತು ಪ್ರಬಂಧಕಾರರಿಗಿಂತ ಅವನಿಗೆ ಊರೆಂದರೇನು ಎಂಬುದು ಚೆನ್ನಾಗಿ ಗೊತ್ತಿತ್ತು. ನಮ್ಮ ಊರಿಗೆ ನಾವು ಮಾಡಬೇಕಾದದ್ದೇನಾದರೂ ಬಾಕಿಯಿದೆಯೇ? ಅಲ್ಲೇ ಉಳಿದು ಎಲ್ಲರ ಮುದಿತಂದೆತಾಯಿಗಳ ಔಷಧಿ, ಪಿಂಚಣಿ, ಶ್ರಾದ್ಧ ನೋಡಿಕೊಂಡ ಒಬ್ಬ ತಮ್ಮನಿಗೋ, ಮದುವೆಯಾಗದ ಅಕ್ಕನಿಗೋ ನಾವು ಕೊಡಬೇಕಾದದ್ದೇನು? ಈ ಲೆಕ್ಕ ಬಂದಾಗ ನಮ್ಮ ಲೇಖನಿ ಮಳೆಯ ವರ್ಣನೆಗೆ ತಿರುಗುತ್ತದೆ.

ಸ್ವಲ್ಪ ದಾರಿ ಬಿಟ್ಟು ಹೇಳುವುದಾದರೆ, ನಾಸ್ಟಾಲ್ಜಿಯಾ ಎಂಬ ಶಬ್ದ ಹುಟ್ಟಿದ್ದೇ ರೋಗದ ಹೆಸರಾಗಿ. 1688ರಲ್ಲಿ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬವನು ತನ್ನ ವೈದ್ಯಕೀಯ ಪ್ರಬಂಧಕ್ಕಾಗಿ ಅದನ್ನು ಕಟ್ಟಿದ. ಅದೇ ಬಾಸೆಲ್‌ನ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು ಶಾಲೆ ತೆರೆದರು. ಶಾಲೆಯ ಜೊತೆ ರೋಗವೂ ಬಂದಿತೇನೋ ಎಂದು ಒಮ್ಮೊಮ್ಮೆ ನಗು ಬರುತ್ತದೆ.

ನಮ್ಮ ಧಾರವಾಡದ ಪಟ್ಟಿ ಬಾಯಿಪಾಠವಾಗಿದೆ: ಸಾಧನಕೇರಿ, ಫೇಡೆ, ಮನ್ಸೂರರ ಗಾಯನ, ಕರ್ನಾಟಕ ಕಾಲೇಜು. ಆ ಸಾಧನಕೇರಿಯ ಬೇಂದ್ರೆಯವರ ಮನೆಮಾತು ಮರಾಠಿ, 1944ರಿಂದ 1956ರವರೆಗೆ ಅವರು ಸೊಲ್ಲಾಪುರದಲ್ಲಿ ಪಾಠ ಹೇಳಿದರು, ಮರಾಠಿಯಲ್ಲೂ ಬರೆದರು. ನಾನು ಧಾರವಾಡದವಳೆಂದು ತಿಳಿದೊಡನೆ ಇಲ್ಲಿನ ಮರಾಠಿ ಓದುಗರು ಭಕ್ತಿಯಿಂದ ಎತ್ತುವ ಹೆಸರು ಜಿ.ಎ. ಕುಲಕರ್ಣಿ. ಮರಾಠಿಯ ಆ ದೊಡ್ಡ ಕಥೆಗಾರರು ದಶಕಗಳ ಕಾಲ ಧಾರವಾಡದಲ್ಲಿದ್ದು ಇಂಗ್ಲಿಷ್ ಕಲಿಸಿದರು. ನಮ್ಮವರ ನೆನಪಿನ ಪಟ್ಟಿಯಲ್ಲಿ ಅವರ ಹೆಸರನ್ನು ನಾನಿನ್ನೂ ಕಂಡಿಲ್ಲ. ಪಟ್ಟಿಯ ಊರು ನಿಜವಾದ ಊರಿಗಿಂತ ಬಡವಾದದ್ದು, ಬಾಗಿಲು ಹಾಕಿಕೊಂಡದ್ದು. ಬಾಗಿಲು ಹಾಕಿದವರು ಅಲ್ಲಿ ಇಲ್ಲದ ನಾವೇ.

ಇದರ ಪೆಟ್ಟು ಬೀಳುವುದು ಇಲ್ಲಿ ಹುಟ್ಟಿದ ಮಕ್ಕಳ ಮೇಲೆ. ನವೆಂಬರ್ 1ನ್ನು ನಾವು ರಾಜ್ಯ ಒಂದಾದ ದಿನವೆಂದು ಆಚರಿಸುತ್ತೇವೆ. 1956ರ ಅದೇ ದಿನ ನಾಗಪುರ ಹಳೆಯ ಮಧ್ಯಪ್ರದೇಶದಿಂದ ಮುಂಬಯಿ ರಾಜ್ಯಕ್ಕೆ ಸೇರಿ, ರಾಜಧಾನಿಯ ಪಟ್ಟ ಕಳೆದುಕೊಂಡಿತು. ಆ ನೋವು ಈ ಊರಿನ ಹಳಬರ ಮಾತಿನಲ್ಲಿ ಇಂದಿಗೂ ಸಿಗುತ್ತದೆ. ಇದೇ ಊರಿನಲ್ಲಿ ನಿಂತು ಧ್ವಜ ಹಾರಿಸುವ ನಮ್ಮಲ್ಲಿ ಎಷ್ಟು ಜನ ಅದನ್ನು ಮಕ್ಕಳಿಗೆ ಹೇಳಿದ್ದೇವೆ? ‘ನಿನ್ನ ಊರು ಇದಲ್ಲ’ ಎಂಬುದನ್ನಂತೂ ತಪ್ಪದೆ ಹೇಳುತ್ತೇವೆ. ತಾನು ಬೆಳೆಯುತ್ತಿರುವ ಊರು ಊರೇ ಅಲ್ಲವೆಂದು ಕೇಳುತ್ತ ಬೆಳೆದ ಮಗುವಿಗೆ ನಲವತ್ತರಲ್ಲಿ ನೆನೆಯಲು ಏನು ಉಳಿಯಬೇಕು?

ಕಳೆದ ವರ್ಷ ನನ್ನ ಮಗನಿಗೆ ಶಾಲೆಯಲ್ಲಿ ‘ನನ್ನ ಊರು’ ಎಂದು ಮರಾಠಿಯಲ್ಲಿ ಪ್ರಬಂಧ ಬರೆಯಲು ಹೇಳಿದ್ದರು. ಅವನು ರಾಮದಾಸಪೇಠ್‌ನ ಬಗ್ಗೆ ಬರೆದ. ಹಳೆಯ ಬಂಗಲೆ ಕೆಡವಿ ಕಟ್ಟಿದ ಆಸ್ಪತ್ರೆಗಳು, ರಾತ್ರಿಯಿಡೀ ಬೆಳಗುವ ಔಷಧಿ ಅಂಗಡಿಗಳು, ಯವತಮಾಳ, ಗಡಚಿರೋಲಿಯಿಂದ ರೋಗಿಗಳೊಂದಿಗೆ ಬಂದು ಫುಟ್‌ಪಾತಿನ ಮೇಲೆ ಬುತ್ತಿ ಬಿಚ್ಚುವ ಜನ, ಮೇ ತಿಂಗಳಲ್ಲಿ ಕೂಲರಿನ ಲಾವಂಚದ ವಾಸನೆ, ವಿಶ್ವವಿದ್ಯಾಲಯದ ಗ್ರಂಥಾಲಯದ ಮುಂದಿನ ಚಹಾದ ಗಾಡಿ, ಬೆಳಗಿನ ಐದಕ್ಕೆ ಪಂಪು ಹಾಕಿ ಟಾಕಿಗೆ ನೀರೇರಿಸುವ ಬಾಲಾಘಾಟದ ಕಾವಲುಗಾರ ಕಾಕಾ. ಊರಿನಿಂದ ಬಂದಿದ್ದ ಹಿರಿಯ ಬಂಧುವೊಬ್ಬರು ಅವನಿಂದ ಅರ್ಥ ಕೇಳಿಸಿಕೊಂಡು ನಕ್ಕರು. “ಇದ್ಯಾತರ ಊರೋ? ನಿನ್ನ ಊರು ಧಾರವಾಡ ಅಲ್ಲೇನು? ಸಾಧನಕೇರಿ, ಫೇಡೆ ಬರಿ.”

“ಅಜ್ಜಾ, ನಾ ಅಲ್ಲಿ ಎಲ್ಲಾ ಕೂಡಿ ಹದಿನೆಂಟು ದಿನ ಇದ್ದೀನಿ” ಎಂದ ಅವನು.

ಅವರು ಪೆನ್ನು ತೆಗೆದುಕೊಂಡು ತಿದ್ದಲು ಹೊರಟಿದ್ದರು. ನಾನು ಬಿಡಲಿಲ್ಲ.