ಹೂವಿಗೆ ಬೆಲೆ ಕಟ್ಟುವವರು ಯಾರು?



ಕೆಂಗೇರಿಯಿಂದ ತಾವರೆಕೆರೆ ಕಡೆಗೆ ಹೋಗುವ ಹಳ್ಳಿಗಳಲ್ಲಿ ಅರ್ಧ ಎಕರೆ, ಒಂದು ಎಕರೆ ಉಳಿಸಿಕೊಂಡ ಸಂಸಾರಗಳು ಇನ್ನೂ ಇವೆ. ಒಂದಿಷ್ಟು ಕನಕಾಂಬರ, ಕಾಕಡ, ಸುಗಂಧರಾಜ. ಕೊಟ್ಟಿಗೆ ಪಕ್ಕ ನಾಲ್ಕು ಕುರಿ, ಎರಡು ಮೇಕೆ, ಹತ್ತು ನಾಟಿ ಕೋಳಿ. ವಿಜಯನಗರ, ರಾಜಾಜಿನಗರದಲ್ಲಿ ಕೂತು ನೋಡುವವರು 'ಪಟ್ಟಣದ ಪಕ್ಕದ ರೈತರು, ಇವರಿಗೇನು ಕಮ್ಮಿ?' ಅಂತಾರೆ. ಏನು ಕಮ್ಮಿ ಅಂತ ಲೆಕ್ಕ ಹಾಕಿಯೇ ಹೇಳೋಣ.

ಮೊದಲ ಕಮ್ಮಿ, ಬೆಲೆ. ಭತ್ತ ರಾಗಿಗೆ ಬೆಂಬಲ ಬೆಲೆ ಅಂತ ಹೆಸರಿಗಾದರೂ ಇದೆ. ಹೂವಿಗೆ ಅದೂ ಇಲ್ಲ. ವರಮಹಾಲಕ್ಷ್ಮಿ ಹಬ್ಬದ ದರ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಬಿಡಿಸಿದ ಕೂಲಿಯೂ ಹುಟ್ಟದ್ದು ಯಾರ ಕಣ್ಣಿಗೂ ಬೀಳಲ್ಲ. ಮನೆಯ ಇಬ್ಬರು ಹೆಣ್ಣುಮಕ್ಕಳು ಕೋಳಿ ಕೂಗುವ ಮೊದಲೆದ್ದು ದಿನಕ್ಕೆ ಮೂರು ಗಂಟೆ ಹೂವು ಬಿಡಿಸಿದರೆ ತಿಂಗಳಿಗೆ 180 ಗಂಟೆ. ಅಂದರೆ 22 ದಿನಕ್ಕೂ ಹೆಚ್ಚಿನ ಕೂಲಿ. ಈ ಕೂಲಿಯನ್ನು ಯಾವ ಮಂಡಿಯ ಪಟ್ಟಿಯಲ್ಲಿ ಬರೆದಿದ್ದಾರೆ? ಮನೆಯವರ ದುಡಿಮೆ, ನೆಲದ ಗೇಣಿ, ಬಂಡವಾಳದ ಬಡ್ಡಿ ಎಲ್ಲ ಸೇರಿಸಿ, ಅದರ ಮೇಲೆ ಅರ್ಧದಷ್ಟು ಕೊಡಿ ಎಂಬ ಬೇಡಿಕೆಗೆ ಸ್ವಾಮಿನಾಥನ್ ಆಯೋಗದ ಹೆಸರು ಹೇಳಿ ದಶಕವೇ ಕಳೆದವು. ಹೂವಿನ ರೈತನಿಗೆ ಆ ಲೆಕ್ಕದ ಮೊದಲ ಸಾಲೂ ಸಿಕ್ಕಿಲ್ಲ.

ಎರಡನೆಯದು ಮುಂಗಡ. ಗಡ್ಡೆಗೆ, ಔಷಧಿಗೆ, ಮಗಳ ಮದುವೆಗೆ ಅಂತ ಮಂಡಿಯಿಂದ ದುಡ್ಡು ತಂದವನು ಹೂವನ್ನು ಅದೇ ಮಂಡಿಗೇ ಹಾಕಬೇಕು. ದರ ಕೇಳುವ ಬಾಯಿ ಅಲ್ಲಿಗೆ ಮುಚ್ಚಿತು. ಸಂಜೆಗೆ ಬಾಡುವ ಮಾಲು ಹೊತ್ತವನು ಚೌಕಾಸಿ ಮಾಡಲಾರ. ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಅಂತ ಗಾದೆ. ನಮ್ಮಲ್ಲಿ ನಾರು ಸೇರಿತು, ಬೆಳೆದವನು ಮಾತ್ರ ಸಾಲಕ್ಕೆ ಸೇರಿದ.

2020ರ ಲಾಕ್‌ಡೌನಿನಲ್ಲಿ ಮಾರುಕಟ್ಟೆ ಮುಚ್ಚಿದಾಗ ಎಷ್ಟೋ ಜನ ಅರಳಿದ ಹೂವಿನ ಮೇಲೇ ಟ್ರ್ಯಾಕ್ಟರ್ ಓಡಿಸಿದರು. ಸರ್ಕಾರ ಕೊಟ್ಟದ್ದು ಹೆಕ್ಟೇರಿಗೆ 25,000 ರೂಪಾಯಿ, ಅದೂ ಒಂದೇ ಹೆಕ್ಟೇರಿಗೆ. ಅರ್ಧ ಎಕರೆಯವನ ಪಾಲಿಗೆ ಐದು ಸಾವಿರ!

ಇಂಥ ಹೊತ್ತಿನಲ್ಲಿ ಮನೆ ಹಿಡಿದದ್ದು ಕುರಿ ಕೋಳಿಗಳು. ಹೂವು ಸಂಜೆಗೆ ಬಾಡುತ್ತೆ, ಕುರಿ ಕಾಯುತ್ತೆ. ಹೊಸತೊಡಕಿಗೋ ಬಕ್ರೀದಿಗೋ ಮಾರಿದರೆ ಕೈತುಂಬ ಕಾಸು, ಹಿಕ್ಕೆ ಹೂವಿನ ಪಾತಿಗೆ ಗೊಬ್ಬರ. ಮುಂಗಡದ ಕುಣಿಕೆಯಿಂದ ಕುತ್ತಿಗೆ ಬಿಡಿಸಿಕೊಳ್ಳಲು ಸಣ್ಣ ರೈತನಿಗಿರುವ ದಾರಿಗಳಲ್ಲಿ ಇದೊಂದು. ಆದರೆ ಕುರಿಗೆ ಮೇವು ಬೇಕು, ಮೇವಿಗೆ ನೆಲ ಬೇಕು. ಕೆಂಪೇಗೌಡ ಬಡಾವಣೆಗೆಂದು 2010ರ ಅಂತಿಮ ಅಧಿಸೂಚನೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಗುರುತಾಯಿತು. ಗೋಮಾಳ ಹೋಯಿತು, ಬದು ಹೋಯಿತು. ಹೊಲ ಸೈಟಾದ ಕಡೆ ಕುರಿ ಮೇಯುವುದೆಲ್ಲಿ?

ಕಿಸಾನ್ ಕ್ರೆಡಿಟ್ ಕಾರ್ಡನ್ನು ಪಶುಸಂಗೋಪನೆಗೂ ವಿಸ್ತರಿಸುತ್ತೇವೆ ಎಂದು 2018ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದರು. ಒಳ್ಳೆಯದೇ. ಆದರೆ ವಾರಕ್ಕೆ ಹೊಲ ಮಾಡುವವನ ಹೆಸರು ಪಹಣಿಯಲ್ಲಿ ಇರಲ್ಲ. ಪಹಣಿ ಇಲ್ಲದವನು ಬ್ಯಾಂಕಿನ ಮೆಟ್ಟಿಲು ಹತ್ತಿ ಇಳಿದು ಮತ್ತೆ ಮಂಡಿಗೇ ಬರುತ್ತಾನೆ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಹೂವಿನ ಉತ್ಪಾದನಾ ವೆಚ್ಚವನ್ನು ಹೆಂಗಸರ ಕೂಲಿ ಸಮೇತ ಕೃಷಿ ಬೆಲೆ ಆಯೋಗ ಲೆಕ್ಕ ಹಾಕಲಿ. ದರ ಬಿದ್ದ ದಿನ ವ್ಯತ್ಯಾಸವನ್ನು ಸರ್ಕಾರ ತುಂಬಲಿ. ಗುತ್ತಿಗೆದಾರನಿಗೂ ಸಹಕಾರ ಸಂಘದಲ್ಲಿ ಸಾಲ ಸಿಗಲಿ. ಉಳಿದ ಗೋಮಾಳಕ್ಕೆ ಯಾರೂ ಕಲ್ಲು ನೆಡದಿರಲಿ. ನಾವೂ ಒಂದು ಕೆಲಸ ಮಾಡಬೇಕು: ಪ್ರತಿ ಮನೆಯಲ್ಲೂ ಒಂದು ಪುಸ್ತಕವಿಟ್ಟು ಹೂವಿನ ತೂಕ, ದರ, ಕಮಿಷನ್, ಬಿಡಿಸಿದ ಗಂಟೆ ಬರೆಯಬೇಕು. ಲೆಕ್ಕ ನಮ್ಮ ಕೈಯಲ್ಲಿದ್ದರೆ, ನಾವು ಸಾಲಗಾರರೋ ಅಥವಾ ನಮಗೇ ಬಾಕಿ ಬರಬೇಕೋ ಎಂಬುದು ಮಂಡಿಯ ಮುಂದೆಯೂ ವಿಧಾನಸೌಧದ ಮುಂದೆಯೂ ತಾನೇ ತೀರ್ಮಾನವಾಗುತ್ತದೆ.