ಉದರದೊಳಗಿನ ಕಿಷ್ಕಿಂಧೆ

ತುಂಗಭದ್ರೆಯ ಉತ್ತರ ದಂಡೆಯ ಆನೆಗೊಂದಿಯ ಸೀಮೆಯನ್ನು ಜನ ಕಿಷ್ಕಿಂಧೆಯೆಂದೇ ನಂಬಿದ್ದಾರೆ. ಇಲ್ಲಿ ಬೆಳೆದವರಿಗೆ ರಾಮಾಯಣದ ಎರಡು ತಾಣಗಳು ಮನೆಯ ಹಿತ್ತಿಲಿನಷ್ಟೇ ಪರಿಚಿತ: ವಾಲಿಗೆ ಅಂಜಿದ ಸುಗ್ರೀವನಿಗೆ ಆಶ್ರಯವಿತ್ತ ಋಷ್ಯಮೂಕ ಒಂದು, ಆ ಸುಗ್ರೀವನೇ ಹಿಂದೆ ಬಂಡೆಯಿಟ್ಟು ಬಾಯಿ ಮುಚ್ಚಿದ ಗುಹೆ ಮತ್ತೊಂದು. ನಮ್ಮ ಉದರದಲ್ಲಿಯೂ ಈ ಎರಡೂ ಆಗಬಲ್ಲ ಅಂಗವೊಂದುಂಟು. ಅದು ದೊಡ್ಡ ಕರುಳಿನ ಮೊದಲಲ್ಲಿ ಬಾಲದಂತೆ ತೂಗುವ ಕರುಳುವಾಳ. ಜನರ ಬಾಯಲ್ಲಿ ಅಪೆಂಡಿಕ್ಸ್.

1871ರಲ್ಲಿ ಡಾರ್ವಿನ್ ಇದನ್ನು ನಿರುಪಯೋಗಿ ಅವಶೇಷವೆಂದ. 2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ವಾಂಸರು ಬೇರೊಂದು ವಿಚಾರವನ್ನು ಮುಂದಿಟ್ಟರು. ಭೇದಿಯ ಹಾವಳಿಯಲ್ಲಿ ಕರುಳು ಬರಿದಾದಾಗ, ಹಿತಕಾರಿ ಬ್ಯಾಕ್ಟೀರಿಯಗಳು ಈ ಮೂಲೆಯಲ್ಲಿ ಉಳಿದು, ಮತ್ತೆ ಬಂದು ಕರುಳನ್ನು ತುಂಬುತ್ತವೆಯೆಂದು ಅವರ ಊಹೆ. ಇದು ಋಷ್ಯಮೂಕದ ಮುಖ.

ಗುಹೆಯ ಮುಖ ಬೇರೆ. ಗಟ್ಟಿಗೊಂಡ ಮಲದ ಹರಳೋ ಊದಿದ ಅಂಗಾಂಶವೋ ಬಾಯಿಗೆ ಅಡ್ಡವಾದರೆ ಒಳಗೆ ಒತ್ತಡವೇರುತ್ತದೆ, ರಕ್ತಸಂಚಾರ ಕುಗ್ಗುತ್ತದೆ. ನಿನ್ನೆಯವರೆಗೆ ನೆರೆಯವರಾಗಿದ್ದ ಜೀವಾಣುಗಳೇ ಗೋಡೆಯನ್ನು ಹೊಕ್ಕು ಮುರಿಯುತ್ತವೆ. ಎಲ್ಲ ರೋಗಿಗಳಲ್ಲಿಯೂ ಇಂಥ ಅಡ್ಡಿ ಕಾಣದು. 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಸಾಮಾನ್ಯವಾಗಿ ಬಾಯಲ್ಲಿ ವಾಸಿಸುವ ಫ್ಯೂಸೊಬ್ಯಾಕ್ಟೀರಿಯಗಳು ಉರಿಗೊಂಡ ಕರುಳುವಾಳದ ಗೋಡೆಯೊಳಗೆ ನುಗ್ಗಿದ್ದುದನ್ನು ತೋರಿಸಿತು. ಅವು ರೋಗದ ಕಾರಣವೋ, ರೋಗ ಬಂದ ಮೇಲೆ ಸೇರಿದವೋ, ಇನ್ನೂ ಇತ್ಯರ್ಥವಾಗಿಲ್ಲ.

ಕ್ರಿಮಿಯೆಂದರೆ ಹಗೆಯೆಂದೇ ಬಗೆಯುವ ನಮ್ಮ ರೂಢಿ ಇಲ್ಲಿ ಸೋಲುತ್ತದೆ. ಹಾಗೆಂದು ಅಂಗಡಿಯಲ್ಲಿ ಮಾತ್ರೆ ಕೊಂಡು ನುಂಗುವುದು ವಿವೇಕವಲ್ಲ. ಫಿನ್ಲೆಂಡಿನಲ್ಲಿ 530 ವಯಸ್ಕರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆಂಟಿಬಯಾಟಿಕ್ ಪಡೆದ ನೂರರಲ್ಲಿ ಸುಮಾರು 73 ಮಂದಿಗೆ ಒಂದು ವರ್ಷದವರೆಗೆ ಶಸ್ತ್ರಕ್ರಿಯೆ ಬೇಕಾಗಲಿಲ್ಲ. ಐದು ವರ್ಷಗಳಲ್ಲಿ ಸುಮಾರು 39 ಮಂದಿಗೆ ಬೇಕಾಯಿತು. ಆದರೆ ಇವರೆಲ್ಲ ಸ್ಕ್ಯಾನ್ ಮಾಡಿ ಆಯ್ದವರು; ಹರಳು ಅಥವಾ ತೂತು ಕಂಡವರನ್ನು ಮೊದಲೇ ಹೊರಗಿಟ್ಟಿದ್ದರು. ಔಷಧಿಯ ಯೋಗ್ಯತೆಯನ್ನು ನಿಶ್ಚಯಿಸಬೇಕಾದವನು ವೈದ್ಯ.

ಇಷ್ಟನ್ನು ಹೇಳಲು ನನಗೊಂದು ಕಾರಣವುಂಟು. ನಾನು ಹುಡುಗನಾಗಿದ್ದಾಗ ಸೋದರಮಾವನಿಗೆ ಹೊಕ್ಕಳ ಸುತ್ತ ನೋವು ಹುಟ್ಟಿ ಬಲಗಡೆಯ ಕೆಳಹೊಟ್ಟೆಗೆ ಇಳಿಯಿತು. ವಾಯುವೆಂದು ಹಿರಿಯರು ಹರಳೆಣ್ಣೆ ಕುಡಿಸಿದರು. ಮೂರನೆಯ ದಿನ ನೋವು ತಟಕ್ಕನೆ ಇಳಿಯಿತು. ಅಜ್ಜಿ ದೇವರಿಗೆ ದೀಪ ಹಚ್ಚಿದಳು. ಅದು ವಾಸಿಯಲ್ಲ, ಕರುಳುವಾಳ ಒಡೆದಿತ್ತು. ಆ ರಾತ್ರಿಯೇ ಜ್ವರವೇರಿ ಹೊಟ್ಟೆ ಹಲಗೆಯಂತಾಯಿತು. ಗಂಗಾವತಿಗೆ ಒಯ್ಯುವಾಗ ಮಾವ ನನ್ನ ಕೈ ಹಿಡಿದಿದ್ದ, ಮರಳಿ ಬರಲಿಲ್ಲ.

ಗುಹೆಯಿಂದ ಹರಿದುಬಂದ ನೆತ್ತರನ್ನು ಕಂಡು ಒಳಗಿನ ಕಾಳಗ ಮುಗಿಯಿತೆಂದು ಸುಗ್ರೀವ ತಪ್ಪಾಗಿ ತಿಳಿದು ಊರಿಗೆ ಮರಳಿದ. ನೋವು ನಿಂತಿತೆಂದು ನಾವೂ ಹಾಗೆಯೇ ಹಿಂದಿರುಗಿದ್ದೆವು. ನೋವು ಬಲಗಡೆಗೆ ಇಳಿದಾಗ ಹರಳೆಣ್ಣೆಯ ಬಟ್ಟಲನ್ನು ಬದಿಗಿಟ್ಟು ಆಸ್ಪತ್ರೆಯ ಹಾದಿ ಹಿಡಿಯುವುದೇ ಲೇಸು.