ಸ್ಕ್ರೀನ್ ಮಿಣುಕಿದರೆ ಮಾನಿಟರ್ ಕೆಟ್ಟಿದೆ ಅಂತಲ್ಲ

ಹೊಸ 144 ಹರ್ಟ್ಸ್ ಮಾನಿಟರ್ ತಂದ ತಮ್ಮನದು ಒಂದೇ ಗೋಳು: "ಅಕ್ಕಾ, ಗೇಮ್‌ನಲ್ಲಿ ಕತ್ತಲೆ ಸೀನ್ ಬಂದ್ರೆ ಸಾಕು, ಸ್ಕ್ರೀನ್ ಮಿಣುಕುತ್ತೆ. ವಾಪಸ್ ಕೊಡೋಕೆ ಇನ್ನೆರಡೇ ದಿನ!" ಬೇರೆ ಕೆಲಸ ಮಾಡುವಾಗ ಏನೂ ಇಲ್ಲವಂತೆ. ನನಗೆ ಅನುಮಾನ ಬಂದದ್ದು ವಿಆರ್‌ಆರ್ ಮೇಲೆ.

ವೇರಿಯಬಲ್ ರಿಫ್ರೆಶ್ ರೇಟ್ ಅಂದರೆ, ಗ್ರಾಫಿಕ್ಸ್ ಕಾರ್ಡ್ ಫ್ರೇಮ್ ಕೊಟ್ಟಾಗಲೇ ಪರದೆ ಬದಲಾಗುವುದು. ಚಿತ್ರ ಅಡ್ಡಕ್ಕೆ ಸೀಳಿದಂತೆ ಕಾಣೋದು ತಪ್ಪುತ್ತೆ, ನಿಜ. ಆದರೆ ಫ್ರೇಮ್ ರೇಟ್ 50ಕ್ಕೆ ಬಿದ್ದು 140ಕ್ಕೆ ಜಿಗಿಯುತ್ತಿದ್ದರೆ ವಿಎ, ಓಲೆಡ್ ಪ್ಯಾನೆಲ್‌ಗಳಲ್ಲಿ ಬೆಳಕೂ ಜೊತೆಗೇ ಏರಿಳಿಯಬಹುದು. ಕಡು ಬೂದು ಬಣ್ಣದಲ್ಲಿ ಅದು ಹೆಚ್ಚು ಕಣ್ಣಿಗೆ ಹೊಡೆಯೋದು.

"ಮೊದಲು ವಿಆರ್‌ಆರ್ ಆಫ್ ಮಾಡಿ ನೋಡೋ" ಅಂದೆ. ಮಿಣುಕು ನಿಂತಿತು. (ನಿಲ್ಲದಿದ್ದರೆ ಕೇಬಲ್ ಬದಲಿಸಿ ನೋಡಬೇಕು, ಡಬ್ಬಿಯಲ್ಲಿ ಬಂದದ್ದೆಲ್ಲ ಒಳ್ಳೇದೇ ಅಂತೇನಿಲ್ಲ.) ಮತ್ತೆ ಆನ್ ಮಾಡಿಸಿ, ಗೇಮ್‌ನ ಗ್ರಾಫಿಕ್ಸ್ ಒಂದು ಹಂತ ಇಳಿಸಿ, ಫ್ರೇಮ್ ಮಿತಿ 90ಕ್ಕೆ ಇಡಿಸಿದೆ. ಏರಿಳಿತ ಕಮ್ಮಿ, ಮಿಣುಕೂ ಕಮ್ಮಿ.

ಲೋಡಿಂಗ್ ಸ್ಕ್ರೀನ್‌ನಲ್ಲಿ ಇನ್ನೂ ಸ್ವಲ್ಪ ಇದೆ. ಅದು ಈ ಪ್ಯಾನೆಲ್‌ಗಳ ಗುಣ. ಅದೇ ಮಾಡೆಲ್‌ನ ಇನ್ನೊಂದು ಪೀಸ್ ತಂದ್ರೂ ಬಹುಶಃ ಹೋಗಲ್ಲ. ಅಷ್ಟೂ ಸಹಿಸೋಕಾಗಲ್ಲ ಅನ್ನೋರು ಗಡುವು ಮುಗಿಯೋ ಮುಂಚೆ ವಾಪಸ್ ಕೊಟ್ಟು ಐಪಿಎಸ್ ಪ್ಯಾನೆಲ್‌ನದು ತಗೊಳ್ಳೋದೇ ವಾಸಿ.